ಅರ್ಜಿಗೆ ಹದಿನೈದು ಮಾರ್ಕು

ಭಾಲ್ಕಿ, ೪ ಅಕ್ಟೋಬರ್ ೧೯೪೮, ಬೆಳಿಗ್ಗೆ

ಒಂಬತ್ತನೇ ಪಾಠ ಮತ್ತೆ ಮೊದಲಿಂದ. ನೋಟ್ಸೆಲ್ಲ ಬೂದಿ. ನಿಜಾಮನ ಆಳ್ವಿಕೆ ಕೊನೆಗಾಣಿಸಿದ ಪೊಲೀಸ್ ಆಕ್ಷನ್ ಮುಗಿದ ವಾರವೇ ನಮ್ಮಣ್ಣ ಹಾವಗೆಪ್ಪ ನಮ್ಮ ಮನೆಯ ಉರ್ದು ಕಾಗದಗಳನ್ನೆಲ್ಲ ಒಲೆಗೆ ಹಾಕಿದ. ನನ್ನ ಇಂಗ್ಲಿಷ್ ನೋಟ್ಸೂ ಹೋಯಿತು — ಇಂಗ್ಲಿಷ್ ಪದ, ಪಕ್ಕದಲ್ಲಿ ಉರ್ದುವಿನಲ್ಲಿ ಅರ್ಥ. ಪಕ್ಕದ ಮನೆಯ ಖುರ್ಷಿದ ಬೇಗಂ ಎರಡು ವರ್ಷ ಹೇಳಿ ಬರೆಸಿದ್ದು. ಇದು ಪರೀಕ್ಷೆಯದು ಎಂದು ಕೂಗಿಕೊಂಡೆ.

"ಇನ್ನ ಮ್ಯಾಲ ಈ ಅಕ್ಷರ ನಮ್ಮ ಮನ್ಯಾಗ ಬ್ಯಾಡ," ಅಂದ.

ಮಾರ್ಚಿನಲ್ಲಿ ಮೆಟ್ರಿಕ್. ಅವನ ಮುಖ ಕಂಡರೆ ಮೈ ಉರಿಯುತ್ತದೆ.

೯ ಅಕ್ಟೋಬರ್

ಬೇಗಂ ಅವರ ಕಾರ್ಡು! ಗಲಾಟೆಯಲ್ಲಿ ಮನೆಗೆ ಬೀಗ ಹಾಕಿ ಗಂಡನೊಂದಿಗೆ ಹೋದಾಗಿನಿಂದ ಸುದ್ದಿಯೇ ಇರಲಿಲ್ಲ. ಬೀದರಿನ ಮೈಲೂರಲ್ಲಿ ತಂಗಿಯ ಮನೆಯಲ್ಲಿದ್ದಾರೆ. ಇಂಗ್ಲಿಷಿನಲ್ಲಿ ಆರೇ ಸಾಲು. ತಿರುಗಿ ಬರುತ್ತೇನೆ, ಅಲ್ಲಿಯವರೆಗೆ ದಿನಕ್ಕೊಂದು ಅರ್ಜಿ ಬರೆ, ಪರೀಕ್ಷೆಯಲ್ಲಿ ಅರ್ಜಿಗೆ ಹದಿನೈದು ಮಾರ್ಕು... ಗಂಡನ ಬಗ್ಗೆ ಒಂದಕ್ಷರವಿಲ್ಲ.

"ಏನಂತ ಬರದಾಳ?" ಅಣ್ಣ ಕೇಳಿದ.

"ಬೀದರದಾಗ ಅದಾರಂತ. ತಿರುಗಿ ಬರ್ತಾರಂತ."

ಅಣ್ಣ ಅಂಗಡಿಗೆ ಹೋದ.

೨೩ ಅಕ್ಟೋಬರ್, ಮಧ್ಯಾಹ್ನ

ನಾಚಿಕೆಗೆಟ್ಟವನು! ಬೇಗಂ ಅವರ ಮನೆ ಇವನ ಅಂಗಡಿಯ ಗೋದಾಮಿಗೆ ಬೇಕಂತೆ. ಬೀದರಿನ ಮಿಲಿಟರಿ ಸಾಹೇಬರಿಗೆ ಅರ್ಜಿ. ಇಂಗ್ಲಿಷಿನಲ್ಲಿ. ಇವನಿಗೆ ಇಂಗ್ಲಿಷ್ ಬಾರದು, ಬರೆದುಕೊಡಬೇಕಾದವಳು ನಾನು!

"ಮಾಲೀಕರು ಯಾರೂ ಇಲ್ಲ, ಮನಿ ಖಾಲಿ ಬಿದ್ದದ ಅಂತ ಬರಿ."

"ಅದಾರಲ್ಲಣ್ಣ. ಕಾರ್ಡ್ ಬಂದದಲ್ಲ."

"ಬರೀಲಿಲ್ಲಂದ್ರ ಪರೀಕ್ಷಾನೂ ಇಲ್ಲ. ನಿನಗ ಬೀದರಕ್ಕ ಯಾರು ಕರ್ಕೊಂಡು ಹೋಗ್ತಾರ, ನೋಡ್ತೇನಿ."

"ಬರದು ಕೊಡವಾ ಸುಮಿತ್ರಾ, ಹೋಗಲಿ," ಅಂದಳು ಅವ್ವ.

ಹೋಗಲಿಯಂತೆ! ಅವರು ಕಲಿಸಿದ ಇಂಗ್ಲಿಷಿನಿಂದ ಅವರದೇ ಮನೆ ಕಿತ್ತುಕೊಳ್ಳಬೇಕು. ಊಟ ಬಿಟ್ಟೆ.

೨೪ ಅಕ್ಟೋಬರ್

ಬರೆದುಕೊಟ್ಟೆ. ಈ ಮನೆಗೆ ಮಾಲೀಕರಿದ್ದಾರೆ, ಬೀದರಿನಲ್ಲಿದ್ದಾರೆ, ವಿಳಾಸ ಇದು. ಅವರು ಬರುವವರೆಗೆ ಮನೆಯನ್ನು ಯಾರಿಗೂ ಕೊಡಬಾರದು, ಮುಖ್ಯವಾಗಿ ನನಗೆ ಕೊಡಬಾರದು. ಇಂತಿ ತಮ್ಮ ವಿಧೇಯ, ಹಾವಗೆಪ್ಪ.

ಅಣ್ಣ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದ. "ಅಕ್ಷರ ಮಸ್ತ್ ಅದಾವ. ತಪ್ಪಿಲ್ಲಲ್ಲ?"

"ಒಂದೂ ಇಲ್ಲಣ್ಣ."

ಸಹಿ ಹಾಕಿದ.

೨೭ ಅಕ್ಟೋಬರ್, ಸಂಜೆ ಐದು

ಅಣ್ಣ ಬೀದರಿನಿಂದ ಬಂದ. ಸಾಹೇಬರು ಅರ್ಜಿಯನ್ನು ಉರ್ದುವಿಗೆ ತರ್ಜುಮೆ ಮಾಡಿಸಿ ಎಲ್ಲರ ಮುಂದೆ ಓದಿಸಿದರಂತೆ. ಇಂಥ ಪ್ರಾಮಾಣಿಕ ಮನುಷ್ಯನನ್ನು ನೋಡಿಲ್ಲ ಎಂದು ಬೆನ್ನು ತಟ್ಟಿದರಂತೆ. ಬೇಗಂ ಬರುವವರೆಗೆ ಮನೆ ಕಾಯುವ ಹೊಣೆ ಇವನಿಗೇ!

ಕೋಣೆಯ ಚಿಲಕ ಹಾಕಿಕೊಂಡು ಬರೆಯುತ್ತಿದ್ದೇನೆ, ಅವನು ಬಾಗಿಲು ಬಡಿಯುತ್ತಿದ್ದಾನೆ. "ಮುಗೀತು ನಿನ್ನ ಪರೀಕ್ಷಾ! ಮುಗೀತು!" ಅವ್ವ ಅವನ ಕೈ ಹಿಡಿದು ಅಳುತ್ತಿದ್ದಾಳೆ. ನನಗೂ ಹೆದರಿಕೆಯಿದೆ. ಸಿಟ್ಟು ಅದಕ್ಕಿಂತ ಹೆಚ್ಚಿದೆ. ಮಾರ್ಚಿನಲ್ಲಿ ಕಾಲ್ನಡಿಗೆಯಲ್ಲಾದರೂ ಬೀದರಿಗೆ ಹೋಗಿ ಪರೀಕ್ಷೆಗೆ ಕೂರುತ್ತೇನೆ. ಇವನು ನನ್ನನ್ನು ಹೇಗೆ ತಡೆಯುತ್ತಾನೋ ನೋಡುತ್ತೇನೆ.