ದೀಪ ಹಚ್ಚುವ ಹೊತ್ತಿನ ನಿದ್ದೆ

ಬಟವಾಡಿ, ಸೋಮವಾರ ನಸುಕು

ಅಪ್ಪಾಜಿಗೆ ಸುಮನಾಳ ಶರಣು.

ನನ್ನದು ಸೋಮಾರಿತನ ಅಲ್ಲವಂತೆ ಅಪ್ಪಾಜಿ. ನಿದ್ದೆಯ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದ್ದರಲ್ಲ, ರಿಪೋರ್ಟ್ ಬಂತು. ಮೈಯೊಳಗಿನ ಗಡಿಯಾರ ನಡೆಸುವ ಒಂದು ಜೀನ್ ನನ್ನಲ್ಲಿ ಬೇರೆ ಥರ ಇದೆ. ಅದಕ್ಕೇ ಸಂಜೆಗೇ ಕಣ್ಣು ಮುಚ್ಚುತ್ತದೆ, ಕೋಳಿ ಕೂಗುವ ಮೊದಲೇ ಎಚ್ಚರವಾಗುತ್ತದೆ. ಇಲಿಗಳಲ್ಲೂ ಇಂಥ ಜೀನ್ ಇದೆಯಂತೆ.

"ನಿಮ್ಮನೇಲಿ ಇನ್ಯಾರಾದ್ರೂ ಹೀಗೆ ಮಲಗ್ತಾರಾ?" ಎಂದು ಡಾಕ್ಟರು ಕೇಳಿದರು. ನಾನು ನಕ್ಕುಬಿಟ್ಟೆ. ನನ್ನ ಆರತಕ್ಷತೆಯಲ್ಲಿ ನೀವು ಕುರ್ಚಿಯಲ್ಲೇ ಗೊರಕೆ ಹೊಡೆದದ್ದು, ಮಜ್ಜಿಗೆ ಬಿಟ್ಟು ಬೇರೇನೂ ಮುಟ್ಟದ ನೀವು ಕುಡಿದಿದ್ದೀರೆಂದು ಬೀಗರು ಗುಸುಗುಟ್ಟಿದ್ದು ನೆನಪಾಯಿತು.

ನಿಮ್ಮ ರಕ್ತವನ್ನೂ ನೋಡಬೇಕಂತೆ. ಗುಬ್ಬಿಯಿಂದ ಮೊದಲ ಬಸ್ಸಿಗೇ ಬನ್ನಿ. ವಾಪಸ್ ಹೋಗಲು ಸಂಜೆ ಬಸ್ಸು ಬೇಡ, ಮತ್ತೆ ನಿದ್ದೆಯಲ್ಲೇ ಗುಬ್ಬಿ ದಾಟಿ ತಿಪಟೂರಿನಲ್ಲಿ ಕಣ್ಣು ಬಿಡುತ್ತೀರಿ.

ದೀಪ ಹಚ್ಚುವ ಹೊತ್ತಿಗೆ ಮಲಗಿದರೆ ಲಕ್ಷ್ಮಿ ನಿಲ್ಲುವುದಿಲ್ಲವೆಂದು ಅತ್ತೆ ದಿನವೂ ಬೈಯುತ್ತಾರೆ. "ಅವರಪ್ಪ ಇದನ್ನೇ ಕಲಿಸಿ ಕಳಿಸವ್ರೆ" ಅನ್ನುತ್ತಾರೆ. ನೀವು ಬಂದಾಗ ಅವರೆದುರು ನಾನೇ ಹೇಳುತ್ತೇನೆ, ಇದು ಕಲಿಸಿದ್ದಲ್ಲ, ನಮ್ಮಪ್ಪ ಕೊಟ್ಟು ಕಳಿಸಿದ್ದು ಎಂದು.

ಈ ಹೊತ್ತಿಗೆ ನೀವೂ ಎದ್ದು ಕೂತಿರುತ್ತೀರೆಂದು ಬಲ್ಲ,
ನಿಮ್ಮ ಮಗಳು
ಸುಮನಾ