ನನ್ನ ಹೆಸರಿನ ನಡಿಗೆ

ಆದವಾನಿ, 1938
ಸೋಮವಾರ

ಆಸ್ಪರಿಯ ಅಪ್ಪನವರಿಗೆ ಮಗಳು ಕೊಟ್ರಮ್ಮನ ಶರಣುಗಳು.

ಚೆನ್ನಾಗಿದ್ದೇನೆ ಎಂದು ಬರೆದು ಹೊಡೆದುಹಾಕಿದೆ. ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ. ಅಂಗಳದಲ್ಲಿ ತಿರುಗಿ ತಿರುಗಿ ಮತ್ತೆ ಅದೇ ಕಂಬಕ್ಕೆ ಬಂದು ನಿಲ್ಲುತ್ತೇನೆ. ಡಾಕ್ಟರರು ಬಂದು ನೋಡಿ, ಮೈಗೂ ಮನಸ್ಸಿಗೂ ಒಂದೇ ಮದ್ದು, ದಿನಾ ಮುಂಜಾನೆ ಹೊರಗೆ ಗಾಳಿಯಲ್ಲಿ ನಡೆಯಬೇಕು ಎಂದರು.

ಹತ್ತಿ ಸಾಹುಕಾರರ ಸೊಸೆ ಬೀದಿಯಲ್ಲಿ ನಡೆಯುವುದೇ? ಅತ್ತೆಯವರು ಉಪಾಯ ಹುಡುಕಿದರು. "ಹರಕಿ ಪ್ರದಕ್ಷಿಣಿ ಬ್ಯಾರೇದವರ ಕೈಲೆ ಹಾಕಿಸ್ತೀವಲ್ಲ, ಇದೂ ಹಂಗ. ನಿನ್ನ ಹೆಸರಿಲೆ ಉಚ್ಚಮ್ಮ ನಡೀತಾಳ, ನೀ ಮಲಕೋ," ಎಂದರು. ಪ್ರೀತಿಯಿಂದಲೇ ಎಂದರು.

ನಮ್ಮ ಮನೆಯ ಕಸ ಗುಡಿಸುವ ಉಚ್ಚಮ್ಮ ಈಗ ದಿನಾ ನನ್ನ ಹೆಸರು ಹೇಳಿ ಗುಡ್ಡದವರೆಗೆ ಹೋಗಿಬರುತ್ತಾಳೆ. "ಅವ್ವಾರೆ, ನನ್ನ ಮೊಣಕಾಲ ನೋವು ಹೋತು ನೋಡ್ರಿ. ಕಣ್ಣು ಮುಚ್ಚಿದ್ರ ನಿದ್ದಿ!" ಎಂದು ನಗುತ್ತಾಳೆ. ಅವಳನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ನೀವು ಅತ್ತೆಯವರಿಗೆ ಒಂದು ಕಾಗದ ಬರೆಯಬೇಕು. ಕೊಟ್ರಮ್ಮ ದಿನಾ ತನ್ನ ಕಾಲಿನಿಂದಲೇ ನಡೆದು ಗುಡ್ಡದ ಈಶ್ವರನ ಗುಡಿಗೆ ಹೋಗಬೇಕು, ಬೇರೆಯವರು ಹೋದರೆ ಸಲ್ಲದು ಎಂದು ಅಜ್ಜಿ ಹರಕೆ ಹೊತ್ತಿದ್ದರು ಅನ್ನಿ. ಅಜ್ಜಿ ಅಂಥ ಹರಕೆ ಹೊತ್ತಿಲ್ಲ, ನನಗೆ ಗೊತ್ತು. ನೀವು ಸುಳ್ಳಾಡುವವರಲ್ಲ, ಅದಕ್ಕೇ ಅವರು ನಂಬುತ್ತಾರೆ.

ಹೊಲಕ್ಕೆ ಹೋಗುವಾಗ ಹಾಕಿಕೊಳ್ಳುತ್ತಿದ್ದ ನನ್ನ ಹಳೆಯ ಮೆಟ್ಟುಗಳನ್ನೂ ಕಳಿಸಿ. ಮದುವೆಯಾಗಿ ಬಂದ ಮೇಲೆ ಇಲ್ಲಿ ನನಗೆ ಮೆಟ್ಟು ಬೇಕೇ ಆಗಿರಲಿಲ್ಲ.

ಕಾಲು ನಿಲ್ಲದ ನಿಮ್ಮ ಮಗಳು,
ಕೊಟ್ರಮ್ಮ