ಒಂಬತ್ತು ಗೂಟಗಳ ಲೆಕ್ಕ

ಜೌಗು ಅಧ್ಯಯನ ಕೇಂದ್ರ, ಮಹಡಿಯ ಕೋಣೆ
ಮಾರ್ಚ್ ಹದಿನೇಳು, ಭಾನುವಾರ

ಪ್ರೀತಿಯ ಅಕ್ಕಾ,

ನಿನ್ನ ಸೊಂಟನೋವು ಹೇಗಿದೆ? ಆಸ್ಪತ್ರೆಯಲ್ಲೇ ಕೆಲಸ ಮಾಡುತ್ತೀಯ, ಆದರೂ ವೈದ್ಯರಿಗೆ ತೋರಿಸಿಕೊಳ್ಳಲು ನಿನಗೆ ಪುರುಸೊತ್ತಿಲ್ಲ. ದೀಪದ ಬುಡದಲ್ಲೇ ಕತ್ತಲು ಅನ್ನುವುದು ನಿನ್ನಂಥವರನ್ನು ನೋಡಿಯೇ ಇರಬೇಕು. ನಾನು ಚೆನ್ನಾಗಿದ್ದೇನೆ, ಊಟ ಸೇರುತ್ತಿದೆ. ನಿದ್ದೆಯ ಮಾತು ಮಾತ್ರ ಕೇಳಬೇಡ.

ಪಿಎಚ್.ಡಿ. ಸೀಟಿನ ಸುದ್ದಿಗೆ ನೀನು ಕಾಯುತ್ತಿದ್ದೀಯ ಎಂದು ಗೊತ್ತು. ಈ ವರ್ಷ ಇಲ್ಲಿದ್ದದ್ದು ಎರಡೇ ಸೀಟು. ಕಪ್ಪೆಗಳ ಅಧ್ಯಯನದ್ದು ಇನ್ನೊಬ್ಬನ ಪಾಲಾಯಿತು. ಉಳಿದದ್ದು ಜೊಂಡುಕೋಳಿಯದು. ಈ ಹಕ್ಕಿಯನ್ನು ಇಲ್ಲಿ ಯಾರೂ ಕಣ್ಣಿಂದ ಕಂಡಿಲ್ಲ, ಆಳೆತ್ತರದ ಜೊಂಡಿನೊಳಗಿಂದ ಕೂಗುವುದನ್ನು ಕೇಳಿದ್ದಾರೆ, ಅಷ್ಟೆ. ಕನಿಷ್ಠ ಐದು ಹಕ್ಕಿಗಳಾದರೂ ಉಳಿದಿವೆ ಎಂದು ತೋರಿಸಿದರೆ ಸೀಟು ನನಗೆ, ಇಲ್ಲವಾದರೆ ಯಾರಿಗೂ ಇಲ್ಲ. ಎಣಿಸುವ ಕ್ರಮ ಸರಳ. ಜೌಗಿನಂಚಿನಲ್ಲಿ ಇನ್ನೂರು ಹೆಜ್ಜೆಗೊಂದರಂತೆ ಒಂಬತ್ತು ಗೂಟಗಳಿವೆ. ಬೆಳಗಾಗುತ್ತಲೇ ಪ್ರತಿ ಗೂಟದ ಹತ್ತಿರ ನಿಂತು, ಕೈಯಲ್ಲಿರುವ ಪೆಟ್ಟಿಗೆಯಿಂದ ಹೆಣ್ಣುಹಕ್ಕಿಯ ಕೂಗನ್ನು ಮೂರು ಸಲ ಕೇಳಿಸಿ ಕಾಯಬೇಕು. ಗಂಡು ಉತ್ತರ ಕೊಟ್ಟರೆ ಲೆಕ್ಕಕ್ಕೆ ಒಂದು. ಆ ಕೂಗನ್ನು ನಮ್ಮ ಮಾರ್ಗದರ್ಶಕಿಯ ಗುರುಗಳು ಮೂವತ್ತು ವರ್ಷದ ಹಿಂದೆ ಇದೇ ಜೌಗಿನಲ್ಲಿ ಧ್ವನಿಮುದ್ರಿಸಿದ್ದರು. ಕೂಗಿದ ಹೆಣ್ಣು ಎಂದೋ ಮಣ್ಣಾಗಿದೆ.

ಮೊದಲ ದಿನವೇ ಒಂಬತ್ತು ಗೂಟಕ್ಕೂ ಉತ್ತರ ಬಂತು. ಖುಷಿಯಲ್ಲಿ ಕುಣಿದೇಬಿಟ್ಟೆ. ಕೂಸು ಹುಟ್ಟುವ ಮುಂಚೆಯೇ ಕುಲಾವಿ ಹೊಲಿಯುವವಳು ನಾನು, ಸಂಬಳ ಬಂದರೆ ನಿನಗೆ ಯಾವ ಹಾಸಿಗೆ ಕೊಡಿಸಬೇಕು ಎಂದೂ ಯೋಚಿಸಿಟ್ಟೆ. ಆದರೆ ಒಂದು ಗೂಟದಿಂದ ಇನ್ನೊಂದಕ್ಕೆ ನಡೆಯುವಾಗ ಪಕ್ಕದ ಜೊಂಡು ಸಣ್ಣಗೆ ಅಲುಗುತ್ತಿತ್ತು. ನಾನು ನಿಂತರೆ ಅದೂ ನಿಲ್ಲುತ್ತಿತ್ತು. ಗಾಳಿ ಇರಲಿಲ್ಲ, ಅಕ್ಕಾ. ಆದರೂ ಯಾರಿಗೂ ಹೇಳಲಿಲ್ಲ, ಒಂಬತ್ತು ಎನ್ನುವ ಅಂಕಿ ಅಷ್ಟು ಮುದ್ದಾಗಿತ್ತು.

ಮೊನ್ನೆ ಮಾರ್ಗದರ್ಶಕಿ ನನ್ನ ಪುಸ್ತಕ ನೋಡಿ, "ಒಂದು, ಎರಡು, ಮೂರು ಅಂತ ಸಾಲಾಗೇ ಹೋದ್ಯಾ?" ಎಂದರು. ಹೂಂ ಎಂದೆ. ಗೂಟಗಳನ್ನು ಹಾರಿಸಿ ಹಾರಿಸಿ ಹೋಗಬೇಕಿತ್ತಂತೆ. ಇಲ್ಲವಾದರೆ ಕೂಗು ಕೇಳಿದ ಹಕ್ಕಿ ಹಿಂದೆಯೇ ಬಂದುಬಿಡುತ್ತದಂತೆ. ನಿನ್ನೆ ಇಬ್ಬರೂ ಪರೀಕ್ಷೆ ಮಾಡಿದೆವು. ಅವರು ಇನ್ನೊಂದು ಪೆಟ್ಟಿಗೆ ಹಿಡಿದು ಒಂಬತ್ತನೇ ಗೂಟದಲ್ಲಿ, ನಾನು ಒಂದನೆಯದರಲ್ಲಿ. ಒಂದೇ ಹೊತ್ತಿಗೆ ಗುಂಡಿ ಒತ್ತಿದೆವು. ಉತ್ತರ ಬಂದದ್ದು ನನಗೊಬ್ಬಳಿಗೇ. ಜಾಗ ಬದಲಿಸಿದೆವು. ಆಗಲೂ ನನಗೇ. ಮೊದಲು ನಕ್ಕ ಅವರು ಎರಡನೇ ಸಲ ನಗಲಿಲ್ಲ.

ಅಂದರೆ ಈ ಇಡೀ ಜೌಗಿನಲ್ಲಿ ಇರುವುದು ಒಂದೇ ಹಕ್ಕಿ. ಸತ್ತವಳ ಕೂಗಿಗೆ ಓಗೊಡುತ್ತಾ ನನ್ನ ಹಿಂದೆ ನಡೆದದ್ದು ಅದೇ. ಸೀಟಿನ ಬಗ್ಗೆ ಕೇಳಿದ್ದಕ್ಕೆ ಮಾರ್ಗದರ್ಶಕಿ, "ಒಂದೇ ಆದ್ರೆ ಅದು ಅಧ್ಯಯನ ಅಲ್ಲಮ್ಮ, ಕೊನೆಗಾಲದಲ್ಲಿ ಪಕ್ಕ ಕೂರೋದು" ಎಂದರು. ವರದಿ ಬರೆಯುವುದನ್ನು ನನಗೇ ಬಿಟ್ಟರು. ಒಂಬತ್ತು ಎಂದೇ ಬರೆದರೆ ಕೇಳುವವರು ಯಾರೂ ಇಲ್ಲ. ಎರಡು ಸಲ ಹಾಗೆ ಬರೆದೂ ನೋಡಿದೆ, ಕಳಿಸಲು ಕೈ ಬರಲಿಲ್ಲ. ಒಂದು ಎಂದು ಬರೆದು ಕಳಿಸಿದ್ದೇನೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಬೈಯಬೇಡ. ತುಂಬಾ ಅತ್ತಿದ್ದೇನೆ. ಗುರುವಾರ ಹೊರಟು ನಿನ್ನ ಹತ್ತಿರ ಬರುತ್ತೇನೆ.

ಭಾವನ ಗೊರಕೆಗೆ ನನ್ನ ನಮಸ್ಕಾರ. ಪುಟ್ಟಿಯ ಕೆನ್ನೆಯನ್ನು ನನ್ನ ಪರವಾಗಿ ಒಮ್ಮೆ ಹಿಂಡು.

ನಿನ್ನ ತಂಗಿ,
ಕುಳ್ಳಿ

ಮರೆತ ಮಾತು, ಸೋಮವಾರ ಬೆಳಗ್ಗೆ: ಗುರುವಾರ ಕಾಯಬೇಡ, ಅಕ್ಕಾ, ಸದ್ಯ ನಾನು ಇಲ್ಲೇ ಇರುತ್ತೇನೆ. ಇವತ್ತು ಕೊನೆಯ ಸಲ ನೋಡಿ ಬರೋಣವೆಂದು ಪೆಟ್ಟಿಗೆಯನ್ನು ಕೋಣೆಯಲ್ಲೇ ಬಿಟ್ಟು ಬರಿಗೈಯಲ್ಲಿ ಹೋದೆ. ಜೊಂಡು ಅಲುಗುತ್ತಾ ಜೊತೆಗೇ ಬಂತು. ಐದನೇ ಗೂಟದ ಹತ್ತಿರ ಹಕ್ಕಿ ಕೂಗಿದಾಗ ನನಗರಿವಿಲ್ಲದೆ ನನ್ನ ಬಾಯಿಂದ ಉತ್ತರ ಹೊರಟಿತು. ಎಂದೂ ಅಭ್ಯಾಸ ಮಾಡಿದವಳಲ್ಲ, ಆದರೂ ಆ ಹೆಣ್ಣಿನ ಕೂಗೇ ಬಂತು, ಮೂರು ಸಲ. ಅದು ಜೊಂಡು ಬಿಟ್ಟು ಹೊರಗೆ ಬಂದು ನನ್ನ ಕಾಲ ಬಳಿ ಕೂತುಕೊಂಡಿತು.